ಮೇಲೆ ಹೋದ ಅಂಕಿ ವಾರ್ಡಿಗೆ ಮರಳಬೇಕು

ರಾತ್ರಿ ಡ್ಯೂಟಿಯ ನರ್ಸ್ ಒಬ್ಬರ ಕೋಟಿನ ತೋಳನ್ನೊಮ್ಮೆ ನೋಡಿ. ಬಿಳಿ ಮೈಕ್ರೋಪೋರ್ ಟೇಪಿನ ಒಂದು ತುಂಡು ಅಂಟಿರುತ್ತದೆ. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ‘7 – 150/100, 12 – 110/70, 15 – ಜ್ವರ 101’ ಎಂದು ಬರೆದಿರುತ್ತದೆ. ಮೊದಲನೆಯದು ಬೆಡ್ ನಂಬರು, ಆಮೇಲಿನದು ಬಿಪಿ. ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಗೆ ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರನ್ನು ಪೋಸ್ಟಿಂಗಿಗೆ ಕರೆದೊಯ್ದಿದ್ದಾಗ, ಏಳನೇ ಬೆಡ್ಡಿನ ಆ ಒಂದು ಬಿಪಿ ಎಲ್ಲೆಲ್ಲಿ ಹೋಗುತ್ತದೆಂದು ಕೂತು ನೋಡಿದೆ. ಟೇಪಿನಿಂದ ಕೇಸ್‌ಶೀಟಿಗೆ, ಕೇಸ್‌ಶೀಟಿನಿಂದ ರಿಪೋರ್ಟ್ ಬುಕ್ಕಿಗೆ, ಅಲ್ಲಿಂದ ವಾರ್ಡಿನ ರಿಜಿಸ್ಟರಿಗೆ, ಕೊನೆಗೆ ಬೆಳಗಿನ ಏಳಕ್ಕೆ ಕಂಪ್ಯೂಟರಿಗೆ. ರಾತ್ರಿ ಎರಡಕ್ಕೆ ತೆಗೆದ ಬಿಪಿ ಕಂಪ್ಯೂಟರಿನ ಲೆಕ್ಕದಲ್ಲಿ ಬೆಳಗಿನ ಏಳರದ್ದಾಯಿತು.

ಬಾಣಂತಿಗೆ 150/100 ಇದ್ದರೆ ಬೆಳಗಿನ ತನಕ ಸುಮ್ಮನಿರುವಂತಿಲ್ಲ. ಹೆರಿಗೆ ಆಯಿತೆಂದು ಫಿಟ್ಸ್ ಬರುವ ಭಯ ಹೋಗುವುದಿಲ್ಲ. ಆ ರಾತ್ರಿ ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಿದರು, ಮಾತ್ರೆ ಕೊಟ್ಟರು, ಅರ್ಧ ಗಂಟೆಗೊಮ್ಮೆ ಮತ್ತೆ ಬಿಪಿ ನೋಡಿದರು. ಬಾಣಂತಿ ಪಾರಾದಳು. ಅಷ್ಟೂ ನಡೆದದ್ದು ಟೇಪಿನ ತುಂಡಿನ ಬಲದಿಂದ. ಕಂಪ್ಯೂಟರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಾಡಬೇಕಾದ್ದೆಲ್ಲ ಮುಗಿದಿತ್ತು.

ನರ್ಸುಗಳಿಗೆ ಡಿಜಿಟಲ್ ಕೌಶಲ ಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಹೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಎಂಟ್ರಿ. ಯಾವ ಆ್ಯಪಿನಲ್ಲಿ ಯಾವ ಗುಂಡಿ ಒತ್ತಬೇಕು, ಯಾವ ಕಾಲಂ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ, ಅಷ್ಟು. ನನ್ನ ತಕರಾರು ಇರುವುದೇ ಇಲ್ಲಿ. ನಮ್ಮ ನರ್ಸುಗಳು ಅಂಕಿಯನ್ನು ಮೇಲಕ್ಕೆ ಕಳಿಸುವುದನ್ನು ಕಲಿತುಬಿಟ್ಟಿದ್ದಾರೆ, ಕಲಿಸಿಯೂ ಆಗಿದೆ. ಕಳಿಸಿದ ಅಂಕಿಯನ್ನು ತಿರುಗಿ ತರಿಸಿ, ಓದಿ, ರೋಗಿಯ ಮಂಚದ ಪಕ್ಕ ಬಳಸುವುದನ್ನು ಯಾರೂ ಕಲಿಸಿಲ್ಲ. ಅದಕ್ಕೆ ಬೇಕಾದ ಸಮಯವನ್ನೂ ಯಾರೂ ಕೊಟ್ಟಿಲ್ಲ.

ಮೇಲಕ್ಕೆ ಹೋಗುವ ದಾರಿಗಳಂತೂ ಬೇಕಾದಷ್ಟಿವೆ. ಆರೋಗ್ಯ ಇಲಾಖೆಯ ತಿಂಗಳ ವರದಿ ಎಚ್‌ಎಂಐಎಸ್ ಪೋರ್ಟಲಿಗೆ ಹತ್ತಲು ಶುರುವಾದದ್ದು 2008ರಲ್ಲಿ. ಕ್ಷಯರೋಗಿಗಳ ‘ನಿಕ್ಷಯ್’ 2012ರದ್ದು. ಗರ್ಭಿಣಿ ಮತ್ತು ಮಕ್ಕಳಿಗೆ ಆರ್‌ಸಿಎಚ್ ಪೋರ್ಟಲ್, ಅದನ್ನು ಹಳ್ಳಿಯಲ್ಲೇ ತುಂಬಲು ‘ಅನಮೋಲ್’ ಆ್ಯಪ್. ಬಿಪಿ, ಶುಗರ್ ತಪಾಸಣೆಗೆ ಎನ್‌ಸಿಡಿ ಪೋರ್ಟಲ್. ದೂರದ ಡಾಕ್ಟರನ್ನು ಪರದೆಯ ಮೇಲೆ ಕೂರಿಸುವ ಇ-ಸಂಜೀವಿನಿ 2019ರಲ್ಲಿ ಬಂತು. ಕೋವಿಡ್ ಕಾಲದ ಕೋವಿನ್ ಹಿಂದೆಯೇ ಮಕ್ಕಳ ಲಸಿಕೆಗೆ ಯುವಿನ್ ಬಂತು. ಇವೆಲ್ಲವನ್ನೂ ಒಂದು ದಾರಕ್ಕೆ ಪೋಣಿಸುವ ಆಸೆಯಿಂದ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಯಿತು. ಪ್ರತಿಯೊಬ್ಬರಿಗೂ 14 ಅಂಕಿಯ ‘ಆಭಾ’ ಸಂಖ್ಯೆ ಕೊಡುವ ಯೋಜನೆ ಅದು.

ತುಂಬುವ ಕೈಗಳಲ್ಲೂ ಮೂರು ಬಗೆ. ಆಸ್ಪತ್ರೆಯ ವಾರ್ಡಿನಲ್ಲಿರುವವರು ಶುಶ್ರೂಷಣಾಧಿಕಾರಿಗಳು, ಜನರ ಬಾಯಲ್ಲಿ ಸಿಸ್ಟರ್. ಉಪಕೇಂದ್ರದ ಎಎನ್‌ಎಂ, ಅಂದರೆ ಹಳ್ಳಿಯ ನರ್ಸಮ್ಮ, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಹೆಸರು ಬದಲಾಯಿತು, ಚೀಲದ ಭಾರ ಬದಲಾಗಲಿಲ್ಲ. ಮೂರನೆಯವರು ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. ನಮ್ಮಲ್ಲಿ ಓದಿದ ಎಷ್ಟೋ ಹುಡುಗಿಯರು ಈ ಕೆಲಸಕ್ಕೇ ಹೋಗುತ್ತಾರೆ. ಮೂವರಲ್ಲಿ ಪರದೆಯ ಜೊತೆ ಅತಿ ಹೆಚ್ಚು ಏಗುವವಳೂ ಇವಳೇ. ಪ್ರೋತ್ಸಾಹಧನ ಕೆಲಸದ ಸೂಚಕಗಳಿಗೆ ಕಟ್ಟಿಹಾಕಿರುವುದರಿಂದ ಎಂಟ್ರಿ ಬಿಟ್ಟುಹೋದರೆ ಕೈಗೆ ಬರುವ ದುಡ್ಡೂ ಬಿಟ್ಟುಹೋಗುತ್ತದೆ.

ಈಗ ನಮ್ಮ ಭಾಗದ ಮಾತಿಗೆ ಬರೋಣ. ಕೊಪ್ಪಳದ ಕಡೆ ಹುಲಿಗೆಮ್ಮ ಎಂಬ ಹೆಸರು ಮನೆಗೊಂದು. ಹುಲಿಗಿಯ ದೇವಿಯ ಹರಕೆಯಿಂದ ಹುಟ್ಟಿದವರು. ಸಿಂಧನೂರಿನ ಕಡೆ ಹೋದರೆ ಅಂಬಮ್ಮ, ಬಳ್ಳಾರಿ ಕಡೆ ದುರ್ಗಮ್ಮ, ಎಲ್ಲ ಕಡೆ ಯಲ್ಲಮ್ಮ. ಒಬ್ಬ ಹುಲಿಗೆಮ್ಮಳ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸುವಾಗ ಆಧಾರಿನಲ್ಲಿ ಒಂದು ಕಾಗುಣಿತ, ತಾಯಿ ಕಾರ್ಡಿನಲ್ಲಿ ಇನ್ನೊಂದು, ಲ್ಯಾಬ್ ಚೀಟಿಯಲ್ಲಿ ಮತ್ತೊಂದು. ಅದೇ ಓಣಿಯಲ್ಲಿ ಗಂಡನ ಹೆಸರೂ ಹನುಮಪ್ಪ ಆಗಿರುವ ಹುಲಿಗೆಮ್ಮ ಮತ್ತೊಬ್ಬಳಿರುತ್ತಾಳೆ. ಕಾಗದದ ಕಾಲದಲ್ಲಿ ಸಿಸ್ಟರ್ ಮುಖ ನೋಡಿ, ‘ನೀ ಗುಡದಪ್ಪನ ಸೊಸಿ ಅಲ್ಲೇನ?’ ಎಂದು ಕೇಳಿ ಬಗೆಹರಿಸುತ್ತಿದ್ದರು. ಕಂಪ್ಯೂಟರಿಗೆ ಗುಡದಪ್ಪ ಗೊತ್ತಿಲ್ಲ. ಹುಡುಕಿದಾಗ ಹೆಸರು ಸಿಗದಿದ್ದರೆ ಹೊಸ ನೋಂದಣಿ ಮಾಡುವುದೇ ಸುಲಭದ ದಾರಿ. ಹಾಗೆ ಒಬ್ಬಳೇ ಬಸುರಿ ಇಬ್ಬರಾಗುತ್ತಾಳೆ. ಒಬ್ಬಳಿಗೆ ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು ಆಗಿರುತ್ತದೆ, ಇನ್ನೊಬ್ಬಳು ‘ಬಾಕಿ’ ಪಟ್ಟಿಯಲ್ಲಿ ಕೂತಿರುತ್ತಾಳೆ.

ಇದನ್ನು ತಪ್ಪಿಸಲೆಂದೇ 14 ಅಂಕಿಯ ಆಭಾ ಬಂದದ್ದು. ಕಾಗುಣಿತ ತಪ್ಪಿದರೂ ಸಂಖ್ಯೆ ತಪ್ಪುವುದಿಲ್ಲ. ಆದರೆ ಆ ಸಂಖ್ಯೆ ಮಾಡಿಸಲು ಸಾಮಾನ್ಯವಾಗಿ ಆಧಾರಿಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಹೋಗಬೇಕು. ನಮ್ಮ ಭಾಗದಲ್ಲಿ ಆ ಮೊಬೈಲು ಎಲ್ಲಿರುತ್ತದೆ?

“ಸಿಸ್ಟರ್, ಓಟಿಪಿ ನಮ್ಮ ಮನಿಯಾರ ಫೋನಿಗೆ ಹೋಗ್ತೈತ್ರಿ. ಅವ್ರು ಬೆಂಗ್ಳೂರಾಗ ಸೆಂಟ್ರಿಂಗ್ ಕೆಲಸಕ್ಕ ಹೋಗ್ಯಾರ. ಈಗ ಫೋನ್ ಎತ್ತಂಗಿಲ್ರಿ, ಮ್ಯಾಲೆ ಸ್ಲ್ಯಾಬ್ ಮ್ಯಾಲಿರ್ತಾರ.”

ಓಟಿಪಿಯ ಆಯಸ್ಸು ಕೆಲವು ನಿಮಿಷ. ಸ್ಲ್ಯಾಬಿನ ಮೇಲಿರುವ ಗಂಡ ಇಳಿಯುವುದು ಸಂಜೆಗೆ. ಬೆರಳಚ್ಚು ಕೊಟ್ಟೂ ಆಭಾ ಮಾಡಿಸಬಹುದು ಎಂಬುದು ಎಷ್ಟೋ ಕಡೆ ನರ್ಸಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದ ಕಡೆ ಬೆರಳಚ್ಚಿನ ಯಂತ್ರವಿರುವುದಿಲ್ಲ. ಡಿಜಿಟಲ್ ಕೌಶಲ ಎಂದರೆ ಇಂಥ ಹೊತ್ತಿನಲ್ಲಿ ಇನ್ನೊಂದು ದಾರಿ ಯಾವುದೆಂದು ಗೊತ್ತಿರುವುದು. ಹೊಸ ನೋಂದಣಿಗೆ ಕೈ ಹಾಕುವ ಮುಂಚೆ ಆರ್‌ಸಿಎಚ್ ಸಂಖ್ಯೆಯಿಂದ, ಗಂಡನ ಹೆಸರಿನಿಂದ, ಊರಿನಿಂದ, ಕೊನೆಯ ಮುಟ್ಟಿನ ದಿನಾಂಕದಿಂದ ಹುಡುಕಿ ನೋಡುವ ತಾಳ್ಮೆ.

ಇದು ಹೆಚ್ಚು ಮುಖ್ಯವಾಗುವುದು ಗುಳೆಯ ಕಾರಣಕ್ಕೆ. ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗದ ಒಣ ಹಳ್ಳಿಗಳಿಂದ ಜನ ಗುಳೆ ಹೋಗುತ್ತಾರೆ, ಬಸುರಿಯರೂ ಹೋಗುತ್ತಾರೆ. ನಾಲ್ಕನೇ ತಿಂಗಳ ತಪಾಸಣೆ ಊರಲ್ಲಿ, ಆರನೆಯದು ಬೆಂಗಳೂರಿನ ಯಾವುದೋ ನಗರ ಆರೋಗ್ಯ ಕೇಂದ್ರದಲ್ಲಿ, ಹೆರಿಗೆ ತವರಲ್ಲಿ. ಮೂರು ಕಡೆಯ ದಾಖಲೆ ಒಂದೇ ಸಂಖ್ಯೆಗೆ ಸೇರಿದರೆ ಡಿಜಿಟಲ್ ದಾಖಲೆಯ ನಿಜವಾದ ಬೆಲೆ ಕಾಣುವುದು ಇಂಥವಳಿಗೇ. ಒಂದೇ ಊರಿನಲ್ಲಿ, ಒಂದೇ ಡಾಕ್ಟರ ಹತ್ತಿರ ತೋರಿಸಿಕೊಳ್ಳುವವರಿಗೆ ಅದರಿಂದ ಆಗುವ ಲಾಭ ಕಡಿಮೆ.

ಸೇರಿದರೂ ಓದುವವರು ಬೇಕು. ಒಬ್ಬಳ ರಕ್ತದ ಲೆಕ್ಕ ತೆಗೆದುಕೊಳ್ಳಿ. ನಾಲ್ಕನೇ ತಿಂಗಳಲ್ಲಿ ಹಿಮೋಗ್ಲೋಬಿನ್ 9.6, ಆರರಲ್ಲಿ 8.3, ಎಂಟರಲ್ಲಿ 7.2. ಗರ್ಭಿಣಿಯರಲ್ಲಿ 7ರಿಂದ 9.9ರವರೆಗೆ ಮಧ್ಯಮ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ. ಹಾಗಾಗಿ ಈ ಮೂರೂ ಅಂಕಿಗಳು ‘ಮಧ್ಯಮ’ ಎಂಬ ಒಂದೇ ಡಬ್ಬಿಗೆ ಬೀಳುತ್ತವೆ. ಮೂರು ಬಾರಿಯೂ ಪರದೆ ಒಂದೇ ಬಣ್ಣ ತೋರಿಸುತ್ತದೆ. ಆದರೆ ಮೂರನ್ನೂ ಪಕ್ಕಪಕ್ಕ ಇಟ್ಟವಳಿಗೆ ಗೊತ್ತಾಗುತ್ತದೆ: ಈ ಹೆಣ್ಣುಮಗಳು ಜಾರುತ್ತಿದ್ದಾಳೆ, ಕೊಟ್ಟ ಮಾತ್ರೆ ನುಂಗುತ್ತಿಲ್ಲ ಅಥವಾ ನುಂಗಿದ್ದು ಹತ್ತುತ್ತಿಲ್ಲ, ಇನ್ನು ಐರನ್ ಡ್ರಿಪ್ಪಿನ ಮಾತು ಡಾಕ್ಟರ ಬಳಿ ಎತ್ತಬೇಕು. ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮಾಸಿದ ತಾಯಿ ಕಾರ್ಡಿನಲ್ಲಿ ಮೂರು ಭೇಟಿಯ ಅಂಕಿಗಳು ಪಕ್ಕಪಕ್ಕದ ಮನೆಗಳಲ್ಲೇ ಇರುತ್ತವೆ, ಕಣ್ಣು ಹಾಯಿಸಿದರೆ ಇಳಿಜಾರು ಕಾಣುತ್ತದೆ. ಆ್ಯಪಿನಲ್ಲಿ ಒಂದು ಭೇಟಿಗೆ ಒಂದು ಪುಟ. ಹಿಂದಿನದಕ್ಕೆ ಹೋಗಲು ಮೂರು ಸಲ ಒತ್ತಬೇಕು, ನೆಟ್ ನಿಧಾನವಿದ್ದರೆ ಪ್ರತಿ ಸಲವೂ ಸುತ್ತುವ ಚಕ್ರ ನೋಡುತ್ತ ಕೂರಬೇಕು. ಆ್ಯಪ್ ಕಟ್ಟಿದವರು ವಾರ್ಡಿನ ಸಿಸ್ಟರನ್ನು ಒಮ್ಮೆ ಕೇಳಿದ್ದರೆ ಹೀಗೆ ಕಟ್ಟುತ್ತಿರಲಿಲ್ಲ.

ಮರಳಿ ಬರುವ ಅಂಕಿ ಹೇಗಿರುತ್ತದೆ ಎಂದು ನೋಡಬೇಕಾದರೆ ಲಸಿಕೆ ಇಡುವ ಕೋಣೆಗೆ ಹೋಗಬೇಕು. ಲಸಿಕೆ ಇಡುವ ಐಎಲ್‌ಆರ್ ಎಂಬ ತಂಪು ಪೆಟ್ಟಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ರಾಯಚೂರಿನ ಏಪ್ರಿಲ್, ಮೇ ಬಿಸಿಲು 40 ದಾಟಿದಾಗ, ಕರೆಂಟೂ ಹೋದಾಗ, ಅದು ಸಣ್ಣ ಮಾತಲ್ಲ. (ಶಕ್ತಿನಗರದಲ್ಲಿ, ಕುಡುತಿನಿಯಲ್ಲಿ ನಾಡಿಗೆಲ್ಲ ವಿದ್ಯುತ್ ಮಾಡಿ ಕಳಿಸುವ ಜಿಲ್ಲೆಗಳಿವು, ಇರಲಿ.) ಇವಿನ್ ಎಂಬ ವ್ಯವಸ್ಥೆಯಲ್ಲಿ ಪೆಟ್ಟಿಗೆಯೊಳಗೆ ಒಂದು ತಾಪಮಾಪಕವಿದೆ. ಅದರೊಳಗೊಂದು ಸಿಮ್. ತಾಪ ಗೆರೆ ದಾಟಿದರೆ ಆ ಪೆಟ್ಟಿಗೆ ನೋಡಿಕೊಳ್ಳುವವರ ಫೋನಿಗೇ ಸಂದೇಶ ಬರುತ್ತದೆ. ಅವರು ಎದ್ದು ಹೋಗಿ ಪ್ಲಗ್ ನೋಡುತ್ತಾರೆ, ಲಸಿಕೆಯನ್ನು ಐಸ್‌ಪ್ಯಾಕ್ ಇರುವ ಪೆಟ್ಟಿಗೆಗೆ ಬದಲಿಸುತ್ತಾರೆ. ಅಂಕಿ ಎಲ್ಲಿ ಹುಟ್ಟಿತೋ ಅಲ್ಲಿಗೇ, ಕೈ ಆಡಿಸಬಲ್ಲವರ ಬಳಿಗೇ, ಹೊತ್ತು ಮೀರುವ ಮುಂಚೆ ಬಂತು. ಇದನ್ನು ಬಳಸಲು ಯಾರಿಗೂ ಉಪದೇಶ ಬೇಕಾಗಲಿಲ್ಲ. ಪ್ರಯೋಜನ ಕಣ್ಣಿಗೆ ಕಂಡರೆ ಐವತ್ತೈದು ದಾಟಿದ ಸಿಸ್ಟರೂ ಒಂದು ವಾರದಲ್ಲಿ ಕಲಿಯುತ್ತಾರೆ.

ಕಲಿಕೆಯ ಕಥೆ ಹೇಗಿದೆ? ಬಿಎಸ್ಸಿ ನರ್ಸಿಂಗಿನ ಹೊಸ ಪಠ್ಯಕ್ರಮ 2021ರಲ್ಲಿ ಗೆಜೆಟ್‌ನಲ್ಲಿ ಪ್ರಕಟವಾದಾಗ ಅದರಲ್ಲಿ ಆರೋಗ್ಯ ಮಾಹಿತಿ ತಂತ್ರಜ್ಞಾನ ಎಂಬ ಪ್ರತ್ಯೇಕ ವಿಷಯವೇ ಎರಡನೇ ಸೆಮಿಸ್ಟರಿಗೆ ಬಂತು. ಒಳ್ಳೆಯದಾಯಿತು. ತೊಂದರೆ ಏನೆಂದರೆ ಎರಡನೇ ಸೆಮಿಸ್ಟರಿನ ಹುಡುಗಿ ಇನ್ನೂ ಸರಿಯಾಗಿ ವಾರ್ಡ್ ಕಂಡಿರುವುದಿಲ್ಲ. ಕೇಸ್‌ಶೀಟೇ ಹೊಸತಾಗಿರುವವಳಿಗೆ ಇಲೆಕ್ಟ್ರಾನಿಕ್ ಕೇಸ್‌ಶೀಟ್ ಪಾಠ. ಲ್ಯಾಬ್ ಎಂದರೆ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್. ಎಕ್ಸೆಲ್ಲಿನಲ್ಲಿ ನಮ್ಮ ಹುಡುಗಿಯರು ತಮ್ಮ ಅಂಕಪಟ್ಟಿಯನ್ನೇ ಹಾಕಿ ಕಲಿಯುತ್ತಾರೆ. ಹಿಮೋಗ್ಲೋಬಿನ್ ಪಟ್ಟಿ ಹಾಕಿಸಿದರೆ ಅದೇ ಎಕ್ಸೆಲ್ ನರ್ಸಿಂಗ್ ಆಗುತ್ತದೆ ಎಂದು ನನಗೂ ಹೊಳೆದದ್ದು ಮೂರನೇ ಬ್ಯಾಚಿಗೆ. ಆ ತಪ್ಪು ನನ್ನದೇ.

ಕೆಲಸದಲ್ಲಿರುವವರ ತರಬೇತಿಯಂತೂ ನೋಡಿಯೇ ತಿಳಿಯಬೇಕು. ಜಿಲ್ಲಾ ಕೇಂದ್ರದಲ್ಲಿ ಒಂದು ದಿನ, ಎಂಬತ್ತು ಜನ, ಒಂದು ಪ್ರೊಜೆಕ್ಟರ್, ಮಧ್ಯಾಹ್ನ ಪಲಾವ್. ಪರದೆಯಲ್ಲಿ ಲಾಗಿನ್ ಪುಟ ತೋರಿಸುವ ಹೊತ್ತಿಗೆ ಸರ್ವರ್ ಡೌನ್. ಎಲ್ಲರೂ ಸಹಿ ಮಾಡಿ ಬಸ್ ಹಿಡಿಯುತ್ತಾರೆ. ಹೋದವರು ಒಳಗುತ್ತಿಗೆಯವರಾದರೆ ಆರು ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿ ಹೊರಟಿರುತ್ತಾರೆ, ಅವರ ಜೊತೆ ಪಾಸ್‌ವರ್ಡೂ ಹೋಗಿರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ: ಹೊಸಬರಿಗೆ ಫೋನ್ ಗೊತ್ತು, ಹಾಗಾಗಿ ಅವರಿಗೆ ಡಿಜಿಟಲ್ ಗೊತ್ತು ಎಂಬುದು. ರೀಲ್ಸ್ ಮಾಡುವ ಬೆರಳಿಗೆ ವೇಗ ಇರುತ್ತದೆ, ಅನುಮಾನ ಇರುವುದಿಲ್ಲ. ವಾರ್ಡಿಗೆ ಬೇಕಾದದ್ದು ಅನುಮಾನ. ನಮ್ಮ ಒಬ್ಬ ವಿದ್ಯಾರ್ಥಿನಿ ಹನ್ನೆರಡು ರೋಗಿಗಳ ಚಾರ್ಟ್ ಹತ್ತೇ ನಿಮಿಷಕ್ಕೆ ತುಂಬಿ ತಂದಳು. ಉಸಿರಾಟದ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ 20, 20, 20. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಮೌಸ್ ಹಿಡಿಯಲು ಇನ್ನೂ ಅಂಜುವ ಹಿರಿಯ ಸಿಸ್ಟರ್ ಅದನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು.

“ಏ ತಂಗಿ, ಇದು ಎಣಿಸಿದ್ದೇನ, ಬರದದ್ದೇನ?”

ಒಂದು ನಿಮಿಷ ಎದೆ ನೋಡುತ್ತ ನಿಂತು ಎಣಿಸಬೇಕಾದ ಅಂಕಿ ಅದು. ಹನ್ನೆರಡು ಜನಕ್ಕೆ ಹನ್ನೆರಡು ನಿಮಿಷ ಬೇಕು, ಹತ್ತು ಸಾಲದು. ರೋಗಿ ಕೈಮೀರುವ ಮುಂಚೆ ಮೊದಲು ಏರುಪೇರಾಗುವ ಅಂಕಿಗಳಲ್ಲಿ ಉಸಿರಾಟವೂ ಒಂದು. ಬ್ರಿಟನ್ನಿನಲ್ಲಿ 2012ರಲ್ಲಿ ಬಂದ ‘ನ್ಯೂಸ್’ ಎಂಬ ಮುನ್ಸೂಚನೆಯ ಅಂಕಪದ್ಧತಿ ಉಸಿರಾಟ, ಆಮ್ಲಜನಕ, ಬಿಪಿ, ನಾಡಿ, ಜ್ವರ, ಎಚ್ಚರ ಇವುಗಳನ್ನು ಕೂಡಿಸಿ ಒಂದು ಮೊತ್ತ ಕೊಡುತ್ತದೆ, ಕಂಪ್ಯೂಟರ್ ಇದ್ದರೆ ತಾನೇ ಲೆಕ್ಕ ಹಾಕಿ ಕೂಗುತ್ತದೆ. ಆದರೆ ಎಣಿಸದೆ ಬರೆದ 20 ಒಳಗೆ ಹೋದರೆ ಆ ಯಂತ್ರ ನಿಶ್ಚಿಂತೆಯಿಂದ ಸುಮ್ಮನಿರುತ್ತದೆ. ಅದೇ ರೀತಿ ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ 96 ಎಂದಾಕ್ಷಣ ಮುಗಿಯಲಿಲ್ಲ. ಬೆರಳು ತಣ್ಣಗಿದ್ದರೆ, ಗಾಢ ಉಗುರುಬಣ್ಣ ಅಥವಾ ಕಪ್ಪು ಮೆಹೆಂದಿ ಇದ್ದರೆ ಅದು ದಾರಿ ತಪ್ಪಬಹುದು. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ ಎಂದು ಅಮೆರಿಕದ ಆಸ್ಪತ್ರೆಗಳ ದಾಖಲೆ ನೋಡಿ 2020ರಲ್ಲೇ ವೈದ್ಯರು ಬರೆದಿದ್ದಾರೆ. ನಮ್ಮ ಬಿಸಿಲಿನ ಮೈಬಣ್ಣದ ಜನರ ನಡುವೆ ಕೆಲಸ ಮಾಡುವವರು ಇದನ್ನು ತಿಳಿದಿರಬೇಕು. ಪರದೆ 96 ಎನ್ನುತ್ತಿದೆ, ರೋಗಿ ಏದುಸಿರು ಬಿಡುತ್ತಿದ್ದಾಳೆ. ಯಾರನ್ನು ನಂಬಬೇಕೆಂದು ಆ ಹಿರಿಯ ಸಿಸ್ಟರನ್ನು ಕೇಳಿ ನೋಡಿ.

ಹಾಗಾಗಿ ನನ್ನ ಲೆಕ್ಕದಲ್ಲಿ ಒಬ್ಬ ಹಿರಿಯ ಸಿಸ್ಟರು, ಒಬ್ಬ ಹೊಸ ನರ್ಸು ಒಂದೇ ಪಾಳಿಯಲ್ಲಿ ಜೋಡಿಯಾಗಿ ಕೂತು ಕಲಿಯುವುದು ಎಂಬತ್ತು ಜನರ ಸಭೆಗಿಂತ ಮೇಲು. ಒಬ್ಬರಿಂದ ಬೆರಳು, ಇನ್ನೊಬ್ಬರಿಂದ ಕಣ್ಣು.

ಅಂಕಿ ತಿರುಗಿ ಬರದಿದ್ದರೆ ಏನಾಗುತ್ತದೆ ಎಂದು ಬಳ್ಳಾರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ನವೆಂಬರಿನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಂಶಯ ರಿಂಗರ್ಸ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಬಿತ್ತು. ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಯಾವ ಆಸ್ಪತ್ರೆಯಲ್ಲೇ ಆಗಲಿ ಇಂಥದ್ದು ನಡೆದಾಗ ಮೊದಲ ಪ್ರಶ್ನೆ ಒಂದೇ: ಯಾವ ಬ್ಯಾಚಿನ ಬಾಟಲು ಯಾರ ರಕ್ತನಾಳಕ್ಕೆ ಹೋಯಿತು, ಅದೇ ಬ್ಯಾಚ್ ಈಗ ಇನ್ನೆಲ್ಲಿ ನೇತಾಡುತ್ತಿದೆ? ಉಗ್ರಾಣದ ತಂತ್ರಾಂಶಕ್ಕೆ ಬ್ಯಾಚ್ ವಾರ್ಡಿಗೆ ಬಂದದ್ದರವರೆಗೆ ಗೊತ್ತು. ವಾರ್ಡಿನ ಬಾಗಿಲಿನಿಂದ ಮಂಚದವರೆಗಿನ ಹತ್ತು ಹೆಜ್ಜೆ ನರ್ಸಿಗೆ ಮಾತ್ರ ಗೊತ್ತು. ಬಾಟಲಿನ ಮೇಲಿನ ಆ ಸಣ್ಣಕ್ಷರದ ನಂಬರನ್ನು ಕೇಸ್‌ಶೀಟಿಗೆ ಬರೆಯುವುದು ನಮ್ಮಲ್ಲಿ ರಕ್ತದ ಚೀಲಕ್ಕೆ ಇರುವಷ್ಟು ಕಟ್ಟುನಿಟ್ಟಾಗಿ ಡ್ರಿಪ್ಪಿಗೆ ಇಲ್ಲ. 2023ರ ಆಗಸ್ಟಿನಿಂದ ದೇಶದಲ್ಲಿ 300 ಔಷಧ ಬ್ರ್ಯಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದ್ದಾರೆ, ಬ್ಯಾಚ್ ನಂಬರು ಅದರೊಳಗೇ ಇರುತ್ತದೆ. ಡ್ರಿಪ್ಪಿಗೂ ಅಂಥದ್ದೊಂದು ಕೋಡ್, ವಾರ್ಡಿಗೊಂದು ಓದುವ ಯಂತ್ರ ಬಂದರೆ ‘ಟಕ್’ ಎಂದು ಒಂದು ಸದ್ದು, ಅಷ್ಟೇ ಕೆಲಸ. ನರ್ಸಿಂಗ್ ತರಬೇತಿಗೆಂದು ಇಡುವ ದುಡ್ಡಿನಲ್ಲಿ ಮೊದಲು ಇದನ್ನು ಮಾಡಿ ಎಂದರೆ ನಾನು ಎರಡು ಕೈಯೆತ್ತುತ್ತೇನೆ.

ಗುಟ್ಟು ಕಾಯುವ ಕೌಶಲದ ಬಗ್ಗೆ ಮಾತು ಬಂದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಕಂಪ್ಯೂಟರಿನ ಅಂಚಿಗೆ ಅದೇ ಮೈಕ್ರೋಪೋರ್ ಟೇಪಿನಲ್ಲಿ ಪಾಸ್‌ವರ್ಡ್ ಅಂಟಿಸಿರುತ್ತಾರೆ, ಇಡೀ ವಾರ್ಡಿಗೆ ಒಂದೇ ಲಾಗಿನ್. ಲ್ಯಾಬ್ ವರದಿಯ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಬೀಳುತ್ತದೆ, ಗುಂಪಿನಲ್ಲಿ ಇರಬಾರದವರೂ ಇರುತ್ತಾರೆ. ಒಬ್ಬರ ಎಚ್‌ಐವಿ ವರದಿ ಹೀಗೆ ಹೊರಬಿದ್ದರೆ ಅದು ಬರೀ ಅಚಾತುರ್ಯವಲ್ಲ, 2017ರ ಎಚ್‌ಐವಿ ಕಾಯ್ದೆಗೆ ವಿರುದ್ಧವಾದ ತಪ್ಪು. ನರ್ಸುಗಳನ್ನು ಬೈಯುವ ಮುನ್ನ ಒಂದು ಮಾತು: ತಡರಾತ್ರಿ ಡಾಕ್ಟರಿಗೆ ಇಸಿಜಿ ತೋರಿಸಲು ವಾಟ್ಸ್ಆ್ಯಪ್ ಬಿಟ್ಟರೆ ಬೇರೆ ದಾರಿ ಕೊಟ್ಟಿದ್ದೀರಾ? ಹೆಸರಿನ ಭಾಗ ಮುಚ್ಚಿ ಫೋಟೊ ತೆಗೆಯಿರಿ, ಬೆಡ್ ನಂಬರು ಹಾಕಿ ಆ ಒಬ್ಬ ಡಾಕ್ಟರಿಗೆ ಮಾತ್ರ ಕಳಿಸಿ, ಕೆಲಸ ಆದಮೇಲೆ ಅಳಿಸಿ. ಇಷ್ಟು ಹೇಳಿಕೊಡಲು ಅರ್ಧ ಗಂಟೆ ಸಾಕು.

ಯಂತ್ರ ಕೈಕೊಟ್ಟಾಗ ಏನು ಮಾಡಬೇಕು ಎಂಬುದೂ ಕಲಿಕೆಯೇ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಸರ್ವರುಗಳ ಮೇಲೆ ಸೈಬರ್ ದಾಳಿಯಾಗಿ ದಿನಗಟ್ಟಲೆ ಎಲ್ಲ ಕೆಲಸ ಕೈಬರಹಕ್ಕೆ ಇಳಿಯಿತು. ಅಲ್ಲೇ ಹಾಗಾದರೆ ಮಾನ್ವಿ, ಮಸ್ಕಿಯಲ್ಲಿ ಯಾವ ದಿನವಾದರೂ ಆದೀತು. ಕಾಗದಕ್ಕೆ ಇಳಿಯುವುದು, ಆಮೇಲೆ ಕಾಗದದಿಂದ ಮತ್ತೆ ಪರದೆಗೆ ಏರಿಸುವಾಗ ನಿಜವಾದ ಸಮಯ ಹಾಕುವುದು, ಎರಡನ್ನೂ ರೂಢಿ ಮಾಡಿಸಬೇಕು. ಅನಮೋಲ್ ನೆಟ್ ಇಲ್ಲದೆಯೂ ತುಂಬಿಕೊಂಡು ಆಮೇಲೆ ಕಳಿಸುತ್ತದೆ. ಹೋಯಿತೋ ಇಲ್ಲವೋ ಎಂದು ನೋಡದೆ ಎರಡನೇ ಸಲ ತುಂಬಿದರೆ ಹುಲಿಗೆಮ್ಮ ಮತ್ತೆ ಇಬ್ಬರಾಗುತ್ತಾಳೆ.

ಇದೆಲ್ಲದಕ್ಕೂ ಹೊತ್ತು ಎಲ್ಲಿಂದ ತರುವುದು? ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗೊಬ್ಬ ನರ್ಸ್, ಇತರ ಆಸ್ಪತ್ರೆಯಲ್ಲಿ ಐವರಿಗೊಬ್ಬ. ರಾತ್ರಿ ಪಾಳಿಯಲ್ಲಿ ಒಬ್ಬರೇ ಮೂವತ್ತು ಮಂಚ ನೋಡುವುದನ್ನು ನಮ್ಮ ಹುಡುಗಿಯರು ಮೊದಲ ಪೋಸ್ಟಿಂಗಿನಲ್ಲೇ ನೋಡುತ್ತಾರೆ. ಅಂಥವರಿಗೆ ಟ್ಯಾಬ್ ಕೊಟ್ಟು, ರಿಜಿಸ್ಟರನ್ನೂ ಉಳಿಸಿದರೆ ಅದು ಡಿಜಿಟಲೀಕರಣವಲ್ಲ, ಇನ್ನೊಂದು ರಿಜಿಸ್ಟರ್. ಒಂದು ಆ್ಯಪ್ ಬಂದ ದಿನವೇ ಒಂದು ರಿಜಿಸ್ಟರ್ ಹೋಗಬೇಕು, ಹೋಯಿತೆಂದು ಸುತ್ತೋಲೆಯಲ್ಲಿ ಸಹಿ ಸಮೇತ ಬರಬೇಕು. ತಿಂಗಳ ಸಭೆಯಲ್ಲಿ ‘ಎಂಟ್ರಿ ಎಷ್ಟು ಶೇಕಡಾ’ ಎಂದು ಕೇಳುವ ಬದಲು ‘ಈ ತಿಂಗಳು ನಿಮ್ಮ ಪಟ್ಟಿಯಲ್ಲಿ ಯಾರ ಹಿಮೋಗ್ಲೋಬಿನ್ ಇಳಿಯುತ್ತಿದೆ, ಅವಳ ಮನೆಗೆ ಹೋಗಿದ್ದಿರಾ’ ಎಂದು ಕೇಳಿದರೆ ಅರ್ಧ ತರಬೇತಿ ಅಲ್ಲೇ ಆಗುತ್ತದೆ.

ಹೋದ ತಿಂಗಳು ಅದೇ ವಾರ್ಡಿಗೆ ಮತ್ತೆ ಹೋಗಿದ್ದೆ. ಒಂದು ಟ್ಯಾಬ್ ಬಂದಿತ್ತು. ಹೊಸ ನರ್ಸ್ ಮಂಚದ ಪಕ್ಕದಲ್ಲೇ ನಿಂತು ಬಿಪಿ ಹಾಕುತ್ತಿದ್ದಳು, ಸಮಯವೂ ಸರಿಯಾಗಿ ಬೀಳುತ್ತಿತ್ತು. ತೋಳಿನ ಮೇಲೆ ಟೇಪ್ ಇರಲಿಲ್ಲ. ನನಗೆ ಖುಷಿಯಾಗಿ ಇನ್ನೇನು ಹೇಳಬೇಕು ಎನ್ನುವಷ್ಟರಲ್ಲಿ ಪರಿಶೀಲನೆಗೆ ಬಂದಿದ್ದ ಅಧಿಕಾರಿಯೊಬ್ಬರು ಒಳಗೆ ಬಂದರು. ಟ್ಯಾಬಿನ ಕಡೆ ನೋಡಲಿಲ್ಲ. ಕುರ್ಚಿ ಎಳೆದು ಕೂತು, “ಸಿಸ್ಟರ್, ರಿಜಿಸ್ಟರ್ ತಗೊಂಡ್ ಬರ್ರಿ” ಎಂದರು.